ಹತ್ತೋಕೆ ಎಷ್ಟು ಹೊತ್ತಾಯ್ತು?

ನಮ್ಮ ಮೇಡಂ ಕಳೆದ ತಿಂಗಳು ನಿವೃತ್ತರಾದರು. ತುಮಕೂರಿನ ನನ್ನ ಹಳೆಯ ಕಾಲೇಜಿನವರು ಅಭಿನಂದನಾ ಸಂಚಿಕೆಯೊಂದನ್ನು ತರುತ್ತಿದ್ದೇವೆ, ನೀವು ಅವರ ಶಿಷ್ಯೆ, ಏನಾದರೂ ಬರೆದುಕೊಡಿ ಎಂದರು. ಒಂದು ಮಾತು ಕೇಳಿಬಿಡೋಣ ಎಂದು ಮೇಡಂಗೆ ಫೋನ್ ಮಾಡಿದೆ. ಆ ಕಡೆ ಕುಕ್ಕರ್ ಕೂಗುತ್ತಿತ್ತು.

"ಬರಿ ಮಂಜು, ಧಾರಾಳವಾಗಿ ಬರಿ. ಹೆಸರು ಮಾತ್ರ ಹಾಕ್ಬೇಡ."

"ಯಾಕೆ ಮೇಡಂ?"

"ಹೆಸರು ನೋಡಿದ ತಕ್ಷಣ ಓದೋರು ತೀರ್ಮಾನ ಮಾಡ್ಬಿಟ್ಟಿರ್ತಾರೆ ಕಣೇ. ನನ್ನ ಕಂಡ್ರೆ ಆಗೋರು ಚೆನ್ನಾಗಿದೆ ಅಂತಾರೆ. ಆಗದೆ ಇರೋರು ಪುಟ ಮಗುಚ್ತಾರೆ. ಹೆಸರಿಲ್ದೆ ಹಾಕು, ನಿನ್ನ ಬರವಣಿಗೆ ಹೇಗಿದೆ ಅಂತ ಆಗ ಗೊತ್ತಾಗುತ್ತೆ."

ಅವರ ಬಗ್ಗೆ ಬರೆಯಲು ಹೊರಟ ನನ್ನನ್ನೇ ಪರೀಕ್ಷೆಗೆ ಕೂರಿಸಿ ಫೋನ್ ಇಟ್ಟರು. ಆದ್ದರಿಂದ ಇಲ್ಲಿ ಅವರ ಹೆಸರಿಲ್ಲ. ಬರೀ ಮೇಡಂ.

ಮೇಡಂ ನೋಡಲು ಕುಳ್ಳಗೆ, ನಡಿಗೆಯಲ್ಲಿ ಮಾತ್ರ ಬಸ್ಸು ತಪ್ಪಿಹೋಗುತ್ತಿದೆಯೇನೋ ಎಂಬ ಅವಸರ. ಹತ್ತಿ ಸೀರೆ, ಎಡಗೈಗೆ ಗಂಡಸರ ವಾಚು. ಹೆಗಲಿಗೆ ತೂಗುಬಿದ್ದ ಬ್ಯಾಗಿನೊಳಗೆ ಅಳತೆಯ ಟೇಪು, ಸ್ಟಾಪ್‌ವಾಚು, ಮಡಿಸಿದ ಚೀಟಿಗಳು, ಕಣ್ಣಿಗೆ ಕಟ್ಟುವ ಬಟ್ಟೆ, ಯಾವ ಕಾಲದ್ದೋ ಅರ್ಧ ಕೊಬ್ಬರಿ ಮಿಠಾಯಿ. ನಗು ಬಂದರೆ ಮೊದಲು ಸದ್ದಿರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಆಮೇಲೆ ಕಣ್ಣಲ್ಲಿ ನೀರು. ಕೊನೆಗೆ ಇಡೀ ಕಾರಿಡಾರಿಗೆ ಕೇಳಿಸುವಂಥ ನಗೆ. ಪಕ್ಕದ ತರಗತಿಯ ಎಕನಾಮಿಕ್ಸ್ ಸರ್ ಪಾಠ ನಿಲ್ಲಿಸಿ, ಆ ನಗೆ ಮುಗಿಯುವ ತನಕ ಕಾದು, ಮತ್ತೆ ಶುರು ಮಾಡುತ್ತಿದ್ದರು.

ನಾನು ನಿಟ್ಟೂರಿನವಳು. ದಿನಾ ಬೆಳಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ನಿಂತುಕೊಂಡೇ ತುಮಕೂರಿಗೆ ಬರುತ್ತಿದ್ದೆ. ಬಿ.ಎ.ಗೆ ಸೈಕಾಲಜಿ ತೆಗೆದುಕೊಂಡದ್ದಕ್ಕೆ ನನ್ನ ಕಾರಣ ಬಹಳ ಸರಳವಾಗಿತ್ತು. ಅದನ್ನು ಓದಿದರೆ ಎದುರಿಗಿರುವವರ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಾಗುತ್ತದಂತೆ ಎಂದು ನಮ್ಮ ಚಿಕ್ಕಪ್ಪನ ಮಗಳು ಹೇಳಿದ್ದಳು. ಮೊದಲ ದಿನ ಮೇಡಂ ಒಳಗೆ ಬಂದವರೇ, "ಮನಸ್ಸು ಓದೋದು ಕಲಿಯೋಣ ಅಂತ ಎಷ್ಟು ಜನ ಬಂದಿದೀರ? ನಾಚ್ಕೋಬೇಡಿ, ಕೈ ಎತ್ತಿ" ಎಂದರು. ಕೈಗಳ ಕಾಡೇ ಎದ್ದಿತು.

"ಸರಿ. ನಾನು ಇಷ್ಟು ವರ್ಷದಿಂದ ಪಾಠ ಮಾಡ್ತಿದೀನಿ. ನಮ್ಮ ಯಜಮಾನ್ರು ಸಂಜೆ ಮನೆಗೆ ಬಂದು ಟೀ ಕೇಳ್ತಾರೋ ಕಾಫಿ ಕೇಳ್ತಾರೋ ಅಂತ ಇನ್ನೂ ಗೊತ್ತಾಗಿಲ್ಲ. ಅದಕ್ಕೇ ಬಾಯಿಬಿಟ್ಟು ಕೇಳ್ತೀನಿ. ಹೇಗೆ ಕೇಳಬೇಕು, ಉತ್ತರ ಬಂದ್ಮೇಲೆ ಎಷ್ಟು ನಂಬಬೇಕು, ಅಷ್ಟು ಮಾತ್ರ ಕಲಿಸ್ತೀನಿ. ಅದು ಬೇಡ ಅನ್ನೋರು ಹಿಸ್ಟರಿಗೆ ಹೋಗ್ಬೋದು, ಇನ್ನೂ ಸೀಟಿದೆ."

ಯಾರೂ ಏಳಲಿಲ್ಲ. ಎದ್ದಿದ್ದರೆ ಎಂಥ ಮಜಾ ತಪ್ಪಿಹೋಗುತ್ತಿತ್ತು!

ನಮ್ಮ ಕ್ಲಾಸಿನಲ್ಲಿ ಗುಬ್ಬಿ ಕಡೆಯವರದ್ದು ಒಂದು ಬೆಂಚು, ಕುಣಿಗಲ್ ಕಡೆಯವರದ್ದು ಒಂದು ಬೆಂಚು. ಊಟದ ಬಿಡುವಿನಲ್ಲಿ ಎರಡಕ್ಕೂ ಜಗಳ. ಒಂದು ದಿನ ರಾಗಿಮುದ್ದೆಯ ಮೇಲೆ ಬಿತ್ತು.

"ಮುದ್ದೆ ಅಂದ್ರೆ ನಮ್ ಕುಣಿಗಲ್ ಕಡೇದು ಕಣ್ರೋ, ಬಾಯಿಗಿಟ್ರೆ ಹಂಗೇ ಜಾರ್ಕಂಡ್ ಹೋಯ್ತದೆ" ಎಂದ ರಮೇಶ. "ನಿಮ್ ಗುಬ್ಬಿ ಮುದ್ದೆ ನುಂಗಕ್ಕೆ ಹಲ್ಲು ಬೇಕು."

ಗುಬ್ಬಿಯ ಶಶಿಕಲಾ, ನನ್ನ ಜೀವದ ಗೆಳತಿ, ಸುಮ್ಮನಿರುವವಳಲ್ಲ. "ಏನ್ಲಾ ಅಂದೆ? ನಿಮ್ ಮುದ್ದೇನ ಗೋಡೆಗೆ ಹೊಡೆದ್ರೆ ಗೋಡೆ ಬೀಳ್ತದೆ!"

ಬಾಗಿಲಲ್ಲಿ ಮೇಡಂ ನಿಂತಿದ್ದರು. "ಯಾಕ್ ಕಿತ್ತಾಡ್ತೀರ? ಮಾಡಿ ನೋಡೋಣ."

ಈ ‘ಮಾಡಿ ನೋಡೋಣ’ ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಮಾರನೆಯ ದಿನ ಹಾಟ್‌ಬಾಕ್ಸಿನಲ್ಲಿ ಎರಡು ಬಟ್ಟಲು ಮುದ್ದೆ, ಒಂದು ಪಾತ್ರೆ ಬಸ್ಸಾರು ಬಂದವು. ಒಂದು ಬಟ್ಟಲಿಗೆ ನಕ್ಷತ್ರದ ಗುರುತು, ಇನ್ನೊಂದಕ್ಕೆ ಸೊನ್ನೆ. ರಮೇಶನ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದರು. ಒಂದು ಕುಣಿಗಲ್ ಮುದ್ದೆ, ಒಂದು ಗುಬ್ಬಿ ಮುದ್ದೆ, ಯಾವುದು ಯಾವುದು ಹೇಳು ಎಂದರು. ಅವನು ಮೊದಲ ತುತ್ತಿಗೇ ಮುಖ ಹಿಂಡಿ, "ಥೂ, ಇದು ಗುಬ್ಬೀದು" ಎಂದ. ಎರಡನೆಯ ತುತ್ತಿಗೆ ತಲೆ ಹಿಂದಕ್ಕೆ ವಾಲಿಸಿ, "ಆಹಾ, ಇದು ನಮ್ಮವ್ವನ ಕೈಯಿಂದು ಇದ್ದಂಗದೆ" ಎಂದ. ಕುಣಿಗಲ್ ಬೆಂಚು ಮೇಜು ಗುದ್ದಿ ಕೇಕೆ ಹಾಕಿತು.

ಎರಡೂ ಒಂದೇ ಪಾತ್ರೆಯದು. ಮೇಡಂ ಬೆಳಗ್ಗೆ ತಮ್ಮ ಮನೆಯಲ್ಲಿ, ಅಂಗಡಿಯ ಹಿಟ್ಟಿನಲ್ಲಿ ತೊಳಸಿದ್ದು.

ನಾವು ನಕ್ಕ ನಗೆಗೆ ಕಿಟಕಿಯ ಮೇಲಿದ್ದ ಪಾರಿವಾಳಗಳೆಲ್ಲ ಎದ್ದುಹೋದವು. ರಮೇಶ ಮಾತ್ರ ನಗಲಿಲ್ಲ. ಕಣ್ಣಿನ ಬಟ್ಟೆ ಬಿಚ್ಚಿ ಅದನ್ನೇ ಮಡಚುತ್ತ ಕೂತ. ಅದನ್ನು ಕಂಡವರು ಮೇಡಂ ಒಬ್ಬರೇ. ಭಾನುವಾರ ಕುಣಿಗಲ್ ಬಸ್ಸು ಹತ್ತಿ, ಅವನ ಊರು ಹುಡುಕಿಕೊಂಡು ಹೋಗಿ, ಅವನ ಅವ್ವನ ಕೈಯಿಂದ ಎರಡು ಮುದ್ದೆ ಉಂಡು ಬಂದರು. ಸೋಮವಾರ ಎಲ್ಲರೆದುರು, "ರಮೇಶನ ತಾಯಿ ಮುದ್ದೆ ನಿಜವಾಗ್ಲೂ ಜಾರುತ್ತೆ. ಇದು ಪ್ರಯೋಗ ಅಲ್ಲ, ಹೊಟ್ಟೆ ತುಂಬಾ ಉಂಡವಳ ಸಾಕ್ಷಿ" ಎಂದರು. ಆಮೇಲೆ ಬೋರ್ಡಿನ ಮೇಲೆ ಎರಡು ಸಾಲು ಬರೆದು, ಆ ವರ್ಷ ಪೂರ್ತಿ ಅಳಿಸಲು ಬಿಡಲಿಲ್ಲ. ಪ್ರಯೋಗದಲ್ಲಿ ಯಾರನ್ನಾದರೂ ಏಮಾರಿಸಿದರೆ ಅವರು ಕೋಣೆ ಬಿಡುವ ಮೊದಲು ನಿಜ ಹೇಳಬೇಕು. ಬೇಡ ಎಂದವರನ್ನು ಒಂದು ಮಾತೂ ಕೇಳದೆ ಬಿಡಬೇಕು.

ಇನ್ನು ಅವರ ನಾಣ್ಯ. ಯಾರು ಯಾವ ಗುಂಪಿಗೆ ಎಂಬುದನ್ನು ಮೇಡಂ ಎಂದೂ ಬಾಯಲ್ಲಿ ಹೇಳಿದವರಲ್ಲ. ನಾಣ್ಯ ಚಿಮ್ಮಿಸುವುದು, ತಲೆ ಬಿದ್ದರೆ ಇತ್ತ, ಬಾಲ ಬಿದ್ದರೆ ಅತ್ತ. ಯಾಕೆ ಎಂದು ಒಮ್ಮೆ ಕೇಳಿದ್ದೆ. "ನನ್ನಿಷ್ಟಕ್ಕೆ ಬಿಟ್ರೆ ಚೂಟಿಯಾಗಿರೋರ್ನೆಲ್ಲ ಒಂದೇ ಗುಂಪಿಗೆ ಹಾಕ್ಬಿಡ್ತೀನಿ ಕಣೇ. ಬೇಕೂಂತ ಅಲ್ಲ, ಕೈ ತಾನಾಗೇ ಹಂಗ್ ಹೋಗ್ಬಿಡುತ್ತೆ" ಎಂದರು. ಚಟ ಎಲ್ಲಿಗೆ ಮುಟ್ಟಿತ್ತೆಂದರೆ, ಬಸ್‌ಸ್ಟ್ಯಾಂಡಿನ ಎದುರಿನ ಎರಡು ಹೋಟೆಲುಗಳಲ್ಲಿ ಯಾವುದಕ್ಕೆ ದೋಸೆಗೆ ಹೋಗುವುದು ಎಂದು ಫುಟ್‌ಪಾತಿನಲ್ಲಿ ನಿಂತು ಚಿಮ್ಮಿಸುತ್ತಿದ್ದರು. ಒಮ್ಮೆ ನಾಣ್ಯ ಉರುಳಿ ಆಟೋದ ಕೆಳಗೆ ಹೋಯಿತು. ನಾಲ್ಕು ಜನ ವಿದ್ಯಾರ್ಥಿನಿಯರು, ಒಬ್ಬ ಆಟೋ ಡ್ರೈವರು, ಒಬ್ಬರು ಪ್ರೊಫೆಸರು ರಸ್ತೆಯಲ್ಲಿ ಬಗ್ಗಿ ನೋಡಿದೆವು. ಡ್ರೈವರು, "ತಲೆ ಬಿದ್ದದೆ ಮೇಡಂ, ಅದೇನ್ ಪಂದ್ಯನೋ ಗೆದ್ರಿ" ಎಂದ. "ಮಸಾಲೆ ದೋಸೆ ಕಣಪ್ಪ, ನೀನೂ ಬಾ" ಎಂದು ಅವನನ್ನೂ ಕರೆದುಕೊಂಡು ಹೋದರು.

ಮೇಡಂ ಅವರ ಯಜಮಾನರು ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮಿತಭಾಷಿ. ಮದುವೆಯಾದ ಲಾಗಾಯ್ತೂ ಪ್ರಯೋಗಕ್ಕೆ ಸಿಕ್ಕಿಹಾಕಿಕೊಂಡ ಮನುಷ್ಯ. ಅವರು ಯಾವಾಗಲೋ ಬಾಯಿ ತಪ್ಪಿ, "ನಿನ್ ತಂಗಿ ಬಂದಾಗೆಲ್ಲ ನಂಗೆ ತಲೆನೋವು ಬರುತ್ತೆ" ಎಂದುಬಿಟ್ಟರಂತೆ. ಬೇರೆ ಹೆಂಡತಿಯಾಗಿದ್ದರೆ ಜಗಳ ಆಗುತ್ತಿತ್ತು. ಮೇಡಂ ಒಂದು ಪುಟ್ಟ ಪುಸ್ತಕ ಕೊಟ್ಟು, "ತಲೆನೋವು ಬಂದ ದಿನ ಇದರಲ್ಲಿ ಗುರುತು ಹಾಕಿ. ಅವಳು ಬಂದ ದಿನ ನಾನು ಬೇರೆ ಪುಸ್ತಕದಲ್ಲಿ ಹಾಕ್ತೀನಿ. ಆರು ತಿಂಗಳು ಒಬ್ಬರದ್ದು ಒಬ್ಬರು ನೋಡೋಹಾಗಿಲ್ಲ" ಎಂದರು. ಆರು ತಿಂಗಳಾದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಂಗಿಗೂ ತಲೆನೋವಿಗೂ ಏನೇನೂ ಸಂಬಂಧವಿಲ್ಲ. ತಲೆನೋವೆಲ್ಲ ಫ್ಯಾಕ್ಟರಿಯಲ್ಲಿ ಎರಡು ಪಾಳಿ ಮಾಡಿದ ದಿನಗಳಂದು. ತಂಗಿ ನಿರ್ದೋಷಿ ಎಂದು ತೀರ್ಪಾಯಿತು. ಆಕೆ ಡಬ್ಬಿ ತುಂಬಾ ಒಬ್ಬಟ್ಟು ಮಾಡಿಕೊಂಡು ಬಂದು ಭಾವನೆದುರು ಇಟ್ಟು, "ತಿನ್ನಿ ಭಾವ, ತಲೆನೋವು ಬಂದ್ರೆ ಬರ್ಕೊಳಿ" ಎಂದಳಂತೆ.

ಈ ಕತೆ ಹೇಳುವಾಗ ಯಜಮಾನರೂ ಅಲ್ಲೇ ಕೂತಿದ್ದರು. "ಅವತ್ತಿಂದ ನಾನು ಬಾಯಿಗೆ ಬಂದಂಗೆ ಏನೂ ಹೇಳಲ್ಲ ಕಣಮ್ಮ" ಎಂದರು ನನಗೆ. "ಹೇಳಿದ್ರೆ ಪುಸ್ತಕ ಬರುತ್ತೆ."

ಇಷ್ಟೆಲ್ಲ ಮಾಡುವ ಮೇಡಂಗೆ ಹೆಸರು ಬಂದದ್ದು ಒಂದೇ ಪ್ರಯೋಗದಿಂದ. ಅದು ಅವರ ಪಿಎಚ್.ಡಿ.ಯದ್ದು, ಹುತ್ರಿದುರ್ಗದಲ್ಲಿ ಮಾಡಿದ್ದು. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಗೊತ್ತಲ್ಲ, ಕಲ್ಲಿನ ಕೋಟೆ ಇರುವ ಬೆಟ್ಟ. ಆಗ ಇನ್ನೂ ಚಿಕ್ಕ ವಯಸ್ಸಿನ ಮೇಡಂ ಬೆಟ್ಟದ ಬುಡದಲ್ಲಿ ತಮ್ಮನನ್ನು ನಿಲ್ಲಿಸಿ, ಬಂದವರನ್ನು ಜೋಡಿ ಜೋಡಿಯಾಗಿ ಮೇಲಕ್ಕೆ ಕಳಿಸಿದ್ದರು. ನಾಣ್ಯದಲ್ಲಿ ತಲೆ ಬಿದ್ದ ಜೋಡಿ ಮಾತಾಡಿಕೊಂಡು ಹತ್ತಬೇಕು, ಬಾಲ ಬಿದ್ದ ಜೋಡಿ ತುಟಿ ಬಿಚ್ಚಬಾರದು. ಯಾರ ಕೈಯಲ್ಲೂ ವಾಚಿಲ್ಲ. ಮೇಲೆ ಗುಡಿಯ ಹತ್ತಿರ ಮೇಡಂ ಕೂತು, ಎಲ್ಲರಿಗೂ ಒಂದೇ ಪ್ರಶ್ನೆ: "ಹತ್ತೋಕೆ ಎಷ್ಟು ಹೊತ್ತಾಯ್ತು?" ಮಾತಾಡಿಕೊಂಡು ಬಂದವರು ನಿಜವಾಗಿ ಆದದ್ದಕ್ಕಿಂತ ಕಡಿಮೆ ಹೇಳಿದರು, ಸುಮ್ಮನೆ ಬಂದವರು ಜಾಸ್ತಿ. ಮಾತಾಡುತ್ತಿದ್ದರೆ ಮನಸ್ಸಿಗೆ ಕಾಲ ಕುಗ್ಗುತ್ತದೆ ಎಂದು ಮೇಡಂ ಬರೆದರು. ಎಲ್ಲೆಲ್ಲಿಂದಲೋ ಪತ್ರಗಳು ಬಂದವು. ಅವರನ್ನು ಭಾಷಣಕ್ಕೆ ಕರೆದವರೆಲ್ಲ ಕರೆದದ್ದು ಆ ಬೆಟ್ಟಕ್ಕಾಗಿ.

ನಾನು ಎಂ.ಎ.ಗೆ ಬಂದಾಗ ಪ್ರಾಜೆಕ್ಟಿಗೆ ಅದನ್ನೇ ಮತ್ತೊಮ್ಮೆ ಮಾಡುತ್ತೇನೆ ಎಂದೆ. ಧೈರ್ಯವಲ್ಲ, ಸೋಮಾರಿತನ. ಉತ್ತರ ಗೊತ್ತಿರುವ ಲೆಕ್ಕ ಮಾಡುವುದು ಸುಲಭ ಅಂದುಕೊಂಡಿದ್ದೆ.

ಮೇಡಂ ಕುಣಿದಾಡಿದರು. "ಇಪ್ಪತ್ತು ವರ್ಷ ಆಯ್ತು, ಒಬ್ಬರೂ ಮಾಡಿ ನೋಡಿಲ್ಲ ಕಣೇ! ಎಲ್ಲ ನಂಬ್ಕೊಂಡು ಕೂತವ್ರೆ! ಮಾಡು. ಆದ್ರೆ ಒಂದು ಬದಲಾಯಿಸು. ಮೇಲೆ ಕೂತು ಕೇಳೋಳಿಗೆ ಯಾವ ಜೋಡಿ ಯಾವ ಗುಂಪು ಅಂತ ಗೊತ್ತಾಗ್ಬಾರ್ದು. ಕೊನೇ ತಿರುವಿನ ದೊಡ್ಡ ಬಂಡೆ ಇದೆಯಲ್ಲ, ಅಲ್ಲಿಂದ ಎಲ್ಲರೂ ಬಾಯಿ ಮುಚ್ಕೊಂಡ್ ಬರ್ಲಿ. ನಮ್ ಕಾಲ್ದಲ್ಲಿ ನಂಗೆ ಅದು ಹೊಳೀಲಿಲ್ಲ."

ಹಾಗೇ ಮಾಡಿದೆವು. ಬುಡದಲ್ಲಿ ನಾನು, ಮೇಲೆ ಶಶಿಕಲಾ. ಜನರ ವಾಚು, ಮೊಬೈಲುಗಳನ್ನು ಒಂದು ಚೀಲಕ್ಕೆ ಹಾಕಿಸಿಕೊಳ್ಳುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು. ವಾಚು ಕೇಳಿದರೆ ಬಿಚ್ಚಿಕೊಡುತ್ತಿದ್ದರು. ಮೊಬೈಲು ಎಂದರೆ ಕಿಡ್ನಿ ಕೇಳಿದಂತೆ ನೋಡುತ್ತಿದ್ದರು. ಒಬ್ಬ ಯುವಕ, "ಸೆಲ್ಫಿ ಇಲ್ದೆ ಬೆಟ್ಟ ಯಾಕಕ್ಕ ಹತ್ತಬೇಕು?" ಎಂದು ವಾಪಸ್ಸೇ ಹೋದ. ಏಳೆಂಟು ಭಾನುವಾರ ಬಿಸಿಲಿನಲ್ಲಿ ನಿಂತು ನಾನು ಕಾಫಿಪುಡಿಯ ಬಣ್ಣಕ್ಕೆ ತಿರುಗಿದೆ.

ಕೊನೆಗೆ ಎಲ್ಲವನ್ನೂ ಕೂಡಿ, ಕಳೆದು ನೋಡಿದೆ. ಏನೂ ಇಲ್ಲ. ಮಾತಾಡಿದವರೂ ಅಷ್ಟೇ, ಮಾತಾಡದವರೂ ಅಷ್ಟೇ. ಮತ್ತೆ ಮಾಡಿದೆ. ಏನೂ ಇಲ್ಲ.

ಮುಂದಿನ ತಿಂಗಳು ಕಾಲೇಜಿನಲ್ಲಿ ರಾಜ್ಯಮಟ್ಟದ ಸೆಮಿನಾರು. ಅದರ ಮುಖ್ಯ ಭಾಷಣವೇ ಮೇಡಂ ಅವರದ್ದು, ಇದೇ ಬೆಟ್ಟದ ಮೇಲೆ. ನಾನು ವಾರವಿಡೀ ರೈಲಿನಲ್ಲಿ ಆ ಹಾಳೆಗಳನ್ನೇ ನೋಡುತ್ತ ಓಡಾಡಿದೆ. ಒಂದು ದಿನ ಗುಬ್ಬಿ ಸ್ಟೇಷನ್ ದಾಟುತ್ತಿದ್ದಾಗ ಕಣ್ಣಿಗೆ ಬಿತ್ತು. ಮಾತಾಡಿಕೊಂಡು ಹತ್ತಿದವರಲ್ಲಿ ಆರು ಜನ ಬಹಳ ಜಾಸ್ತಿ ಹೊತ್ತು ಹೇಳಿದ್ದರು. ಆ ಆರು ಜನರನ್ನು ತೆಗೆದುಬಿಟ್ಟರೆ ಮೇಡಂ ಹೇಳಿದ್ದೇ ಬರುತ್ತದೆ, ಹೆಚ್ಚುಕಮ್ಮಿ ಸರಿಯಾಗಿ! ಪೆನ್ನು ತೆಗೆದು ಆ ಆರು ಸಾಲುಗಳ ಮೇಲೆ ಗೀಟು ಎಳೆದೆ. ಪಕ್ಕದಲ್ಲಿ ‘ಸೂಚನೆ ಪಾಲಿಸಲಿಲ್ಲ’ ಎಂದು ಬರೆದೆ. ರೈಲು ಕುಲುಕಾಡುತ್ತಿತ್ತು, ಅಕ್ಷರ ನೆಟ್ಟಗೆ ಬರಲಿಲ್ಲ.

ಮೇಡಂ ಫಲಿತಾಂಶ ನೋಡಿ ಮುಗುಳ್ನಕ್ಕರು. ಆಮೇಲೆ ಮೂಲ ಹಾಳೆ ಕೊಡು ಎಂದರು. ಹಾಳೆ ಮಗುಚುತ್ತ ಮಗುಚುತ್ತ ಬೆರಳು ನಿಂತಿತು.

"ಈ ಆರು ಜನ ಏನ್ ತಪ್ಪು ಮಾಡಿದ್ರು?"

"ಸರಿಯಾಗಿ ಮಾತಾಡ್ಲಿಲ್ಲ ಮೇಡಂ..."

"ಇಲ್ನೋಡು, ಇಳಿದು ಬಂದ್ಮೇಲೆ ಅವ್ರನ್ನೇ ಕೇಳಿ, ಬಂಡೆ ತನಕ ಮಾತಾಡ್ಕೊಂಡೇ ಹೋದ್ರು ಅಂತ ನೀನೇ ಬರ್ದಿದೀಯ."

ನಾನು ಅತ್ತುಬಿಟ್ಟೆ. "ನಿಮಗೋಸ್ಕರ ಮೇಡಂ. ಸೆಮಿನಾರ್ ಇದೆಯಲ್ಲ, ಅದಕ್ಕೆ."

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ತಮ್ಮ ಪೆನ್ನು ನನ್ನ ಕೈಗೆ ಕೊಟ್ಟು, "ಆರು ಜನಾನೂ ವಾಪಸ್ ಕರಿ. ಬಿಸಿಲಲ್ಲಿ ಬೆಟ್ಟ ಹತ್ತಿದಾರೆ, ಪಾಪ. ನಾನು ಇಲ್ಲೇ ಕೂತಿರ್ತೀನಿ" ಎಂದರು. ನಾನು ಮೂಗು ಒರೆಸಿಕೊಳ್ಳುತ್ತ ಆರು ಸಾಲುಗಳನ್ನೂ ಹೊಸದಾಗಿ ಬರೆದೆ. ಅವರು ಎದುರಿಗೇ ಕೂತು, ಕಡೆಯ ಸಾಲು ಮುಗಿಯುವವರೆಗೂ ಕಾದರು. ಮುಗಿದದ್ದೇ ತಡ, ಕುರ್ಚಿಯಿಂದ ಜಿಗಿದೆದ್ದರು.

"ಏಳೇ, ಮನೆಗೆ ಹೋಗೋಣ. ಅಟ್ಟದ ಮೇಲೆ ಕ್ಯಾಸೆಟ್ ಇವೆ."

ಇಪ್ಪತ್ತು ವರ್ಷದ ಹಿಂದೆ ಬೆಟ್ಟದ ಮೇಲೆ ಕೇಳಿದ್ದನ್ನೆಲ್ಲ ಮೇಡಂ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರಂತೆ. ಉತ್ತರಗಳನ್ನು ಬರೆದುಕೊಂಡ ಮೇಲೆ ಯಾರೂ ಅದನ್ನು ಹಾಕಿ ಕೇಳಿರಲಿಲ್ಲ. ಯಜಮಾನರು ಆಗತಾನೇ ಫ್ಯಾಕ್ಟರಿಯಿಂದ ಬಂದಿದ್ದರು. ಅಟ್ಟ ಹತ್ತಿ ಡಬ್ಬ ಇಳಿಸಿದರು, ಟೇಪ್‌ರೆಕಾರ್ಡರಿನ ಬೆಲ್ಟು ಹರಿದಿತ್ತು, ಅದಕ್ಕೆ ರಬ್ಬರ್‌ಬ್ಯಾಂಡ್ ಹಾಕಿದರು. ಗುಂಡಿ ಒತ್ತಿದರೆ ಮೊದಲು ಬರೀ ಗಾಳಿ. ಆಮೇಲೆ ಗುಡಿಯ ಗಂಟೆ. ಆಮೇಲೆ ಒಂದು ಎಳೆಯ ದನಿ. ಮೇಡಂ ಅವರದ್ದೇ!

"ಅರೆರೆ, ಆಗ್ಲೇ ಬಂದ್ಬಿಟ್ರಾ! ಏನ್ ಹೆಸ್ರು? ಯಾವೂರು? ಹತ್ತೋಕೆ ಎಷ್ಟು ಹೊತ್ತಾಯ್ತು?"

"ಕೆಂಪಮ್ಮ ಅಂತ ಕಣವ್ವ, ಇದೇ ಊರು. ಎಲ್ಲಿ, ಕಾಲ್ಗಂಟೆ ಆಗಿರ್ಬೇಕು, ಅಷ್ಟೆಯಾ."

ನಗು. ಇನ್ನೊಂದು ಹೆಂಗಸಿನ ನಗುವೂ ಸೇರಿತು. ಮಾತಾಡಿಕೊಂಡು ಬಂದ ಜೋಡಿ. ಮುಂದಿನದು ಸುಮ್ಮನೆ ಬಂದ ಜೋಡಿ.

"ಬನ್ನಿ ಬನ್ನಿ... ಅಯ್ಯೋ ಪಾಪ, ಕೂತ್ಕೊಳಿ, ನೀರು ಕುಡೀರಿ. ಹೆಸ್ರು ಆಮೇಲ್ ಹೇಳಿ. ಹತ್ತೋಕೆ... ಎಷ್ಟು ಹೊತ್ತಾಯ್ತು?"

ಗಂಡಸಿನ ದನಿ ಉಸಿರುಬಿಟ್ಟಿತು. "ಒಂದ್ ಗಂಟೆ ಆಯ್ತೇನೋ ಕಣಮ್ಮ."

ಯಜಮಾನರು ಮೇಡಂ ಮುಖ ನೋಡಿದರು. ನಾನು ನೆಲ ನೋಡಿದೆ. ಮುಂದಿನ ಜೋಡಿಗೂ ಅರೆರೆ. ಅದರ ಮುಂದಿನದಕ್ಕೆ ಪಾಪ. ಇಡೀ ಕ್ಯಾಸೆಟ್ಟು ಹಾಗೇ. ಪ್ರಶ್ನೆಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಆದರೆ ಪ್ರಶ್ನೆ ಬಾಯಿಂದ ಹೊರಬೀಳುವ ಮೊದಲೇ ಉತ್ತರ ಎಷ್ಟಿರಬೇಕೆಂದು ಹೇಳಿಯಾಗಿರುತ್ತಿತ್ತು. ಮೇಲಕ್ಕೆ ಬರುತ್ತಿದ್ದವರು ಮಾತಾಡುವುದು ಮೇಡಂ ಕಿವಿಗೆ ಬೀಳುತ್ತಿತ್ತಲ್ಲ, ಸಂತೋಷ ತಾನಾಗೇ ಉಕ್ಕುತ್ತಿತ್ತು.

ಮೇಡಂ ಎದ್ದು ಅಡುಗೆಮನೆಗೆ ಹೋದರು. ನಲ್ಲಿಯ ಸದ್ದು ಕೇಳಿಸಿತು. ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದರು. ನಾನು ಏಳಲು ಹೋದೆ. "ಸ್ವಲ್ಪ ಹೊತ್ತು ಬುಡಮ್ಮ" ಎಂದರು ಯಜಮಾನರು, ಮೆಲ್ಲಗೆ. ಮೂವತ್ತರ ಹರೆಯದಲ್ಲಿ ಕಟ್ಟಿದ್ದನ್ನು ಐವತ್ತರಲ್ಲಿ ಕಳೆದುಕೊಳ್ಳುವುದೆಂದರೇನು ಎಂದು ಆಗ ನನಗೆ ಪೂರ್ತಿ ತಿಳಿದಿರಲಿಲ್ಲ. ಕಳೆದವಳು ನಾನು ಎಂಬುದು ಮಾತ್ರ ತಿಳಿದಿತ್ತು.

ನಲ್ಲಿ ನಿಂತಿತು. ಲೋಟ ಬಿದ್ದ ಸದ್ದು. ಅದರ ಹಿಂದೆಯೇ ಆ ನಗೆ! ಒದ್ದೆ ಕೈಯಲ್ಲೇ ಹೊರಗೆ ಬಂದರು, ಕಣ್ಣೂ ಒದ್ದೆ, ಭುಜ ಕುಣಿಯುತ್ತಿದೆ.

"ಪಾಪ ಅಂದಿದೀನಿ ಕಣೇ! ಕೇಳಿದ್ಯಾ? ಸೈನ್ಸಲ್ಲಿ ಅಯ್ಯೋ ಪಾಪ ಅಂತಾರೇನೇ? ನೀರು ಬೇರೆ ಕುಡಿಸಿದೀನಿ! ಇನ್ನೊಂದ್ಸಲ ಹಾಕ್ರೀ!"

ಯಜಮಾನರು ಇನ್ನೊಂದು ಸಲ ಹಾಕಿದರು. ಆಮೇಲೆ ಇನ್ನೊಂದು ಸಲ. ಮೂರನೆಯ ಸಲಕ್ಕೆ ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನೆಲದ ಮೇಲಿದ್ದೆವು. ಆ ಮಿತಭಾಷಿ ಮನುಷ್ಯ, ಮೇಡಂ ಕಾಫಿ ತಂದಿಟ್ಟಾಗ, "ಅರೆರೆ, ಆಗ್ಲೇ ಬಂದ್ಬಿಡ್ತಾ!" ಎಂದರು. ಮೇಡಂ ಕಾಫಿ ಚೆಲ್ಲಿಕೊಂಡರು.

ಪ್ರಿನ್ಸಿಪಾಲರು ನಗಲಿಲ್ಲ. "ಮೇಡಂ, ಇನ್ವಿಟೇಷನ್ ಪ್ರಿಂಟ್ ಆಗಿ ಹೋಗಿದೆ. ಈಗ ಟಾಪಿಕ್ ಬದಲಾಯಿಸೋಕಾಗಲ್ಲ" ಎಂದರು.

"ಟಾಪಿಕ್ ಅದೇ ಇರ್ಲಿ ಸರ್. ಉತ್ತರ ಮಾತ್ರ ಬದಲಾಗಿದೆ."

ಸೆಮಿನಾರಿನ ದಿನ ಹಾಲ್ ತುಂಬಿತ್ತು. ಮೇಡಂ ಹೊಸ ರೇಷ್ಮೆ ಸೀರೆ ಉಟ್ಟು, ಬಗಲಲ್ಲಿ ಆ ಹಳೇ ಟೇಪ್‌ರೆಕಾರ್ಡರ್ ಹಿಡಿದು ವೇದಿಕೆ ಹತ್ತಿದರು. ಮೊದಲು ತಮ್ಮ ಹಳೆಯ ಫಲಿತಾಂಶ ಹೇಳಿದರು. ಆಮೇಲೆ, "ನನ್ನ ವಿದ್ಯಾರ್ಥಿನಿ ಇದನ್ನೇ ನನಗಿಂತ ಚೆನ್ನಾಗಿ ಮಾಡಿದಾಳೆ. ಅವಳಿಗೆ ಏನೂ ಸಿಗಲಿಲ್ಲ. ಯಾಕೆ ಅಂತ ಕೇಳಿ" ಎಂದು ಮೈಕಿನ ಮುಂದೆ ಗುಂಡಿ ಒತ್ತಿದರು. ಮೊದಲ ಅರೆರೆಗೆ ಯಾರಿಗೂ ಅರ್ಥವಾಗಲಿಲ್ಲ. ಮೊದಲ ಪಾಪಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾಲ್ಕನೆಯ ಜೋಡಿ ಬರುವ ಹೊತ್ತಿಗೆ ಹಾಲಿಗೆ ಹಾಲೇ ನಗುತ್ತಿತ್ತು, ಎಲ್ಲರಿಗಿಂತ ಜೋರಾಗಿ ಮೇಡಂ.

ಮುಂದಿನ ಸಾಲಿನ ಹಿರಿಯ ಪ್ರೊಫೆಸರೊಬ್ಬರು ನಗದೆ ಎದ್ದುನಿಂತರು. "ಹಾಗಾದ್ರೆ ನಿಮ್ಮ ಇಷ್ಟು ವರ್ಷದ ಕೆಲಸ ನೀರಲ್ಲಿ ಹೋಮ ಆಯ್ತಲ್ಲ ಮೇಡಂ?"

ಮೇಡಂ ಒಂದು ಗಳಿಗೆ ಆ ಟೇಪ್‌ರೆಕಾರ್ಡರಿನ ಮೇಲೆ ಕೈಯಿಟ್ಟು ನಿಂತರು. "ಬೇಜಾರಾಗಿದೆ ಸರ್, ಸುಳ್ಳು ಹೇಳಲ್ಲ. ಆದ್ರೆ ನಂಗೊಂದು ವಿಷಯ ತಪ್ಪಾಗಿ ಗೊತ್ತಿತ್ತು, ಈಗ ಸರಿಯಾಗಿ ಗೊತ್ತಾಗಿದೆ. ಪ್ರಯೋಗ ಮಾಡೋದು ಇದಕ್ಕೇ ಅಲ್ವಾ? ಬರೀ ಹೌದು ಅನ್ನಿಸ್ಕೊಳೋಕಾಗಿದ್ರೆ ಬೆಟ್ಟ ಯಾಕ್ ಹತ್ತಬೇಕಿತ್ತು, ಮನೇಲೇ ಕೂತು ಬರೀಬೋದಿತ್ತಲ್ಲ."

ಆ ಪ್ರೊಫೆಸರು ಕೂತರು. ಚಪ್ಪಾಳೆ ಹೊಡೆಯಲು ಶುರುಮಾಡಿದವನು ರಮೇಶ. ಕುಣಿಗಲ್ಲಿನ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅವನು ರಜೆ ಹಾಕಿ ಬಂದಿದ್ದ.

ಆಮೇಲೆ ಕೆಲವು ದಿನ ಸ್ಟಾಫ್‌ರೂಮಿನಲ್ಲಿ ಅವರನ್ನು ‘ಪಾಪ ಮೇಡಂ’ ಎಂದು ಕರೆದರು. ಭಾಷಣದ ಆಹ್ವಾನಗಳು ಕಡಿಮೆಯಾದವು. ತಮ್ಮ ಲೇಖನ ಅಚ್ಚಾದ ಪತ್ರಿಕೆಗೆ ಅವರೇ ಕಾಗದ ಬರೆದು ಇದು ತಪ್ಪು ಎಂದು ತಿಳಿಸಿದರು. ನನಗೆ ಪ್ರಾಜೆಕ್ಟಿನಲ್ಲಿ ಹೇಳಿಕೊಳ್ಳುವಂಥ ಅಂಕವೇನೂ ಬರಲಿಲ್ಲ, ಏನೂ ಸಿಗದ ಪ್ರಯೋಗಕ್ಕೆ ಯಾರು ಕೊಡುತ್ತಾರೆ? ಈಗ ನಾನೂ ಗುಬ್ಬಿಯಲ್ಲಿ ಪಾಠ ಮಾಡುತ್ತೇನೆ. ಹುಡುಗಿಯರು ಬೇಡವಾದ ಸಾಲಿನ ಮೇಲೆ ಗೀಟು ಎಳೆದು ತಂದಾಗ ಪೆನ್ನು ಕೊಟ್ಟು ಎದುರಿಗೆ ಕೂರುತ್ತೇನೆ. ಬೈಯುವುದಿಲ್ಲ.

ಸೆಮಿನಾರು ಆದ ಮೇಲಿನ ಮೊದಲ ಭಾನುವಾರ ಬೆಳಗ್ಗೆ ಮೇಡಂ ಫೋನ್ ಮಾಡಿದರು. "ಬೇಗ ಬಾರೇ, ಹುತ್ರಿದುರ್ಗಕ್ಕೆ ಹೋಗೋಣ. ನಾನು ಏಮಾರಿಸಿದೋರಿಗೆ ನಿಜ ಹೇಳ್ಬೇಕಲ್ಲ."

ಅಲ್ಲಿ ಸಿಕ್ಕಿದ್ದು ಒಬ್ಬರೇ, ಟೇಪಿನ ಕೆಂಪಮ್ಮ. ಬೆಟ್ಟದ ಬುಡದ ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಮೇಡಂ ಪಕ್ಕದಲ್ಲೇ ಕೂತು, ತಾವೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯುತ್ತ ಎಲ್ಲ ವಿವರಿಸಿದರು. ನೀವು ಹೇಳಿದ ಹೊತ್ತು ನಾನು ಹೇಳಿಸಿದ್ದು, ತಪ್ಪಾಯಿತು ಎಂದರು. ಕೆಂಪಮ್ಮ ಕಾಳು ಮೊರಕ್ಕೆ ಹಾಕುತ್ತ ನಕ್ಕರು.

"ನಂಗೆ ಅವತ್ತೇ ಗೊತ್ತಿತ್ತು ಕಣವ್ವ. ನಾವು ಗಡಿಯಾರ ಕಂಡವ್ರಾ? ನಿನ್ ಮಕ ನೋಡ್ದೆ. ಕಮ್ಮಿ ಅಂದ್ರೆ ನಿಂಗೆ ಕುಸಿ ಆಯ್ತದೆ ಅನ್ನುಸ್ತು. ದೂರದಿಂದ ಬಂದವ್ಳೆ ಮಗ, ಕಮ್ಮೀನೇ ಯೋಳುಮ ಅಂದ್ಕಂಡೆ."

ಮೇಡಂ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ಭುಜ ಕುಣಿಯಲು ಶುರುವಾಗಿತ್ತು.

"ಅದುಕ್ಕಲ್ಲ ನಂಗೆ ನೀನು ನೆಪ್ಪಿರೋದು" ಎಂದರು ಕೆಂಪಮ್ಮ. "ಅವತ್ತು ನನ್ ಜೋಡಿ ಬಂದಿದ್ದು ನಮ್ ವಾರಗಿತ್ತಿ. ಅವ್ಳಿಗೂ ನಂಗೂ ಮಾತ್ ನಿಂತು ಎರಡು ವರ್ಸ ಆಗಿತ್ತು. ಬೆಟ್ಟಕ್ಕೆ ಒಂದೇ ಸಲ ಹೊಂಟಿದ್ವಿ ಅಷ್ಟೆ, ನಿನ್ ತಮ್ಮ ಕಾಸು ಚಿಮ್ಮಿ, ಮಾತಾಡ್ಕಂಡೇ ಹತ್ಬೇಕು ಅಂದ್ಬುಟ್ಟ. ಓದಿದ್ ಹುಡ್ಗ ಯೋಳ್ತಾವ್ನೆ, ಸರ್ಕಾರದ್ದೋ ಏನೋ ಅಂತ ಇಬ್ರೂ ಎದುರ್ಕಂಡು ಮಾತಾಡ್ದೊ. ಅವತ್ತು ಸುರುವಾದ ಮಾತು, ಅವ್ಳು ಇರೋಗಂಟ ನಿಲ್ಲಿಲ್ಲ ಕಣವ್ವ."

ಮೇಡಂ ನಗಲೂ ಆಗದೆ ಅಳಲೂ ಆಗದೆ ನನ್ನ ಕಡೆ ನೋಡಿದರು. ಕೊನೆಗೂ ಅವರೊಳಗಿದ್ದ ಪ್ರಯೋಗದವಳೇ ಗೆದ್ದಳು. "ಅವ್ವಾ, ಅದಿರ್ಲಿ. ಈಗ ನಿಜ ಹೇಳಿ. ಅವತ್ತು ನಿಮ್ಮ ಮನಸ್ಸಿಗೆ ನಿಜವಾಗ್ಲೂ ಎಷ್ಟು ಹೊತ್ತು ಅನ್ಸಿತ್ತು?"

ಕೆಂಪಮ್ಮ ಕೈಕೆಲಸ ನಿಲ್ಲಿಸಿ, ಕಣ್ಣು ಕಿರಿದು ಮಾಡಿ ಮೇಡಂ ಮುಖವನ್ನೇ ನೋಡತೊಡಗಿದರು. ಹುಬ್ಬು, ತುಟಿ, ಮತ್ತೆ ಹುಬ್ಬು. ಮೇಡಂಗೆ ಥಟ್ಟನೆ ಹೊಳೆಯಿತು. ಎದ್ದು, ಜಗಲಿ ಇಳಿದು, ಅವರಿಗೆ ಬೆನ್ನು ಮಾಡಿ ಬೆಟ್ಟದ ಕಡೆ ತಿರುಗಿ ನಿಂತುಬಿಟ್ಟರು.

"ಈಗ ಹೇಳಿ ಅವ್ವ."

ಕೆಂಪಮ್ಮ ಗಾಬರಿಯಾಗಿ ನನ್ನನ್ನು ನೋಡಿದರು, ಆಮೇಲೆ ಆ ಬೆನ್ನನ್ನು ನೋಡಿದರು. ಮೊರ ಪಕ್ಕಕ್ಕಿಟ್ಟರು.

"ಬೇಜಾರ್ ಮಾಡ್ಕಬ್ಯಾಡ ಕಣ್ ಮಗ," ಎಂದರು. "ಕಮ್ಮೀನೇ ಅಂತ ಬರ್ಕೊ ಬುಡು."